ನೀರು ಕುಡಿಯುವ ಹಳೆ ಟ್ರ್ಯಾಕ್ಟರ್: ಬಿಚ್ಚುವ ಮೊದಲು ಸೋರಿಕೆ ಹುಡುಕುವ ಬಗೆ

ನನ್ನ ಮೂರು ಸಿಲಿಂಡರಿನ ಹಳೆ ಟ್ರ್ಯಾಕ್ಟರ್ ಒಂದು ಹಂಗಾಮಿನಲ್ಲಿ ದಿನಕ್ಕೊಂದು ಲೋಟ ನೀರು ಕುಡಿಯುತ್ತಿತ್ತು. ಬೆಳಗ್ಗೆ ರೇಡಿಯೇಟರಿಗೆ ತುಂಬಿಸಿ ಇಡೀ ದಿನ ಉಳುವುದು, ಮರುದಿನ ಮುಚ್ಚಳ ತೆಗೆದರೆ ಮತ್ತೆ ಅಷ್ಟೇ ಕಡಿಮೆ. ನಿಲ್ಲಿಸಿದ ಜಾಗದಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ಮೊದಲು ಮುಚ್ಚಳ ಬದಲಿಸಿದೆ. ಆಮೇಲೆ ವಾಟರ್ ಪಂಪ್. ಅದಾದ ಮೇಲೆ, ಕಂಡವರೆಲ್ಲ ‘ಹೆಡ್ ಗ್ಯಾಸ್ಕೆಟ್ಟೇ, ಇನ್ನೇನು’ ಎಂದಿದ್ದರಿಂದ ಸಿಲಿಂಡರುಗಳ ಮೇಲೆ ಕೂರುವ ಹೆಡ್ಡನ್ನೂ ಇಳಿಸಿ, ಅದಕ್ಕೂ ಬ್ಲಾಕಿಗೂ ನಡುವಿನ ಆ ಪದರವನ್ನು ಬದಲಿಸಿದೆ. ಮೂರು ರಿಪೇರಿ ಮುಗಿದ ಮೇಲೂ ಲೋಟದ ಲೆಕ್ಕ ತಪ್ಪಲಿಲ್ಲ. ಸ್ಪ್ಯಾನರ್ ಹಿಡಿಯುವ ಮೊದಲು ಟಾರ್ಚ್ ಹಿಡಿದಿದ್ದರೆ ಎರಡು ದಿನದಲ್ಲಿ ಗೊತ್ತಾಗುತ್ತಿತ್ತು. ಆಗ ಪೆಟ್ಟು ತಿಂದು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡ ಇಳಿದ ಕ್ಷಣಕ್ಕೆ ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಹಿಚುಕುವಷ್ಟು ತಣ್ಣಗಾಗಲಿ, ಆಮೇಲೆ ಮುಟ್ಟಿ. ಇನ್ನೊಂದು, ಬಸಿದ ಕೂಲಂಟನ್ನು (ಎಂಜಿನ್ ತಂಪಾಗಿಡಲು ರೇಡಿಯೇಟರಿಗೆ ಹಾಕುವ ದ್ರವ) ತಟ್ಟೆಯಲ್ಲಿ ಹಾಗೇ ಬಿಟ್ಟು ಹೋಗಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಸೋರುತ್ತಿದೆ ಅನ್ನುವುದೇ ನಿಜವೇ?

ನಗಬೇಡಿ, ಅರ್ಧ ಜನರ ಸಮಸ್ಯೆ ಇಲ್ಲೇ ಮುಗಿಯುತ್ತದೆ. ತಣ್ಣನೆಯ ನೀರು ಕುದಿಯುವ ಹಂತಕ್ಕೆ ಬರುವಷ್ಟರಲ್ಲಿ ಸುಮಾರು ಶೇ. 4ರಷ್ಟು ಹಿಗ್ಗುತ್ತದೆ. 10 ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಅದು 400 ಮಿಲಿಲೀಟರ್, ಅಂದರೆ ಎರಡು ಲೋಟ. ಹಳೆ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವಕ್ಕೆ ಪಕ್ಕದ ಬಾಟಲಿ ಇರುವುದಿಲ್ಲ. ಬಾಯಿಮಟ್ಟ ತುಂಬಿಸಿದರೆ ಹಿಗ್ಗಿದ ನೀರು ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಹೋಗುತ್ತದೆ. ನೀವು ಮರುದಿನ ಮತ್ತೆ ತುಂಬಿಸುತ್ತೀರಿ, ಅದು ಮತ್ತೆ ಚೆಲ್ಲುತ್ತದೆ. ಆದ್ದರಿಂದ ಒಳಗಿನ ಕೊಳವೆಗಳ ತುದಿ ಮುಳುಗಿ, ಬಾಯಿಗಿಂತ ಮೂರು ಬೆರಳು ಕೆಳಗೆ ನಿಲ್ಲುವಷ್ಟು ಹಾಕಿ. ಒಂದು ಕಡ್ಡಿಗೆ ಗುರುತು ಮಾಡಿಟ್ಟುಕೊಂಡು ಮೂರು ದಿನ ಬೆಳಗ್ಗೆ ಬೆಳಗ್ಗೆ ತಣ್ಣಗಿರುವಾಗ ಅಳೆಯಿರಿ. ಗುರುತು ಅಲ್ಲೇ ನಿಂತರೆ ನಿಮ್ಮ ಗಾಡಿಗೆ ರೋಗವಿಲ್ಲ.

ಗುರುತು ಇಳಿಯುತ್ತಿದ್ದರೆ ಮುಚ್ಚಳ ನೋಡಿ. ಅದರಲ್ಲಿ ಎರಡು ಕವಾಟಗಳಿವೆ. ದೊಡ್ಡದು ಒತ್ತಡ ಹಿಡಿದಿಡುತ್ತದೆ, ನಡುವಿನ ಚಿಕ್ಕದು ತಣ್ಣಗಾಗುವಾಗ ಗಾಳಿ ಒಳಗೆ ಬಿಡುತ್ತದೆ. ಮೇಲೆ ಅಚ್ಚೊತ್ತಿದ ಸಂಖ್ಯೆ ಹಳೆಯವುಗಳಲ್ಲಿ ಹೆಚ್ಚಾಗಿ 7 ಇರುತ್ತದೆ. ಅಂದರೆ 7 ಪಿಎಸ್ಐ, ಸುಮಾರು ಅರ್ಧ ಬಾರ್. ಅಷ್ಟು ಒತ್ತಡ ನಿಂತರೆ ನೀರು 100ರ ಬದಲು 110 ಡಿಗ್ರಿಯ ಹತ್ತಿರ ಕುದಿಯುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಇಲ್ಲವೇ ರೇಡಿಯೇಟರಿನ ಕುತ್ತಿಗೆಯ ಅಂಚು ಸೊಟ್ಟಗಾಗಿದ್ದರೆ ಆ ಹತ್ತು ಡಿಗ್ರಿ ಹೋಯಿತು, ಭಾರದ ಕೆಲಸದಲ್ಲಿ ನೀರು ಆವಿಯಾಗಿ ಹೊರಬೀಳುತ್ತದೆ. ಎಂಜಿನ್ ಆರಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆಳೆದುಕೊಂಡಿದ್ದರೆ ಚಿಕ್ಕ ಕವಾಟ ಅಂಟಿಕೊಂಡಿದೆ ಎಂದರ್ಥ. ‘ಜಾಸ್ತಿ ಒತ್ತಡದ್ದು ಹಾಕಿದರೆ ಒಳ್ಳೆಯದಲ್ಲವೇ’ ಎಂದು 15ರ ಮುಚ್ಚಳ ಹಾಕುವವರಿದ್ದಾರೆ. ಬೆಸುಗೆ ಹಾಕಿದ ಹಿತ್ತಾಳೆ ರೇಡಿಯೇಟರಿಗೆ ಹಾಗೆ ಮಾಡಿದರೆ ಇಲ್ಲದ ಸೋರಿಕೆಯನ್ನು ನೀವೇ ಹುಟ್ಟಿಸಿದಂತೆ.

ಇನ್ನೂ ಹಳೆಯ ಕೆಲವಕ್ಕೆ, ಉದಾಹರಣೆಗೆ ಜಾನ್ ಡಿಯರ್‌ನ ಎರಡು ಸಿಲಿಂಡರಿನ ‘ಎ’, ‘ಬಿ’ ಮಾದರಿಗಳಿಗೆ, ವಾಟರ್ ಪಂಪೇ ಇಲ್ಲ. ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ. ಕೆಳಗೆ ಹೇಳುವ ಒತ್ತಡದ ಪರೀಕ್ಷೆಯನ್ನು ಒತ್ತಡ ಹಿಡಿಯುವ ಮುಚ್ಚಳವಿಲ್ಲದ ಇಂಥ ಗಾಡಿಗಳ ಮೇಲೆ ಮಾಡಬೇಡಿ.

ಹೊರಗೆ ಹುಡುಕುವುದು

ಮೊದಲು ತೊಳೆಯಿರಿ. ಎಣ್ಣೆ, ಮಣ್ಣು, ಹೊಟ್ಟು ಮೆತ್ತಿಕೊಂಡ ಎಂಜಿನ್ನಿನಲ್ಲಿ ಹನಿಯ ಜಾಡು ಹಿಡಿಯಲು ಆಗುವುದಿಲ್ಲ. ತೊಳೆಯುವ ಮುಂಚೆ ಮಾತ್ರ ಒಂದು ಸುತ್ತು ನೋಡಿಬಿಡಿ. ಒಣಗಿದ ಕೂಲಂಟ್ ಹಸಿರು ಅಥವಾ ಬಿಳಿ ಹೊಪ್ಪಳೆ ಬಿಟ್ಟಿರುತ್ತದೆ, ಬರೀ ನೀರು ಹಾಕಿದ್ದರೆ ತುಕ್ಕಿನ ಗೆರೆ ಇರುತ್ತದೆ. ತೊಳೆದರೆ ಆ ಸಾಕ್ಷಿಯೂ ಹೋಗುತ್ತದೆ.

ನೀರು ತೊಟ್ಟಿಕ್ಕುವ ಜಾಗವನ್ನು ನಂಬಬೇಡಿ. ಪಂಪಿನ ಹತ್ತಿರ ಹೊರಟ ಹನಿಯನ್ನು ಫ್ಯಾನ್ ಹಿಂದಕ್ಕೆ ಎರಚುತ್ತದೆ. ಅದು ಬ್ಲಾಕಿನ ಅಂಚು ಹಿಡಿದು ಸಾಗಿ ಕ್ಲಚ್ ಹೌಸಿಂಗ್ ಬಳಿ ನೆಲಕ್ಕೆ ಬೀಳುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ನೋಡುತ್ತಾ ಹೋಗಿ. ತೊಳೆದು ಒಣಗಿದ ಬ್ಲಾಕಿನ ಮೇಲೆ ನಾನು ಟಾಲ್ಕಂ ಪುಡಿ ಉದುರಿಸುತ್ತೇನೆ. ಹನಿ ಹರಿದ ದಾರಿ ಬಿಳಿ ಪುಡಿಯಲ್ಲಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ರಾತ್ರಿ ಅಡಿಗೆ ರಟ್ಟು ಹಾಸಿ, ಅದರ ಮೇಲೆ ಮುಂದಿನ ಆಕ್ಸಲ್ ಎಲ್ಲಿಗೆ ಬರುತ್ತದೆ ಎಂದು ಗೆರೆ ಎಳೆದಿಡಿ. ಬೆಳಗ್ಗೆ ಕಲೆ ಎಲ್ಲಿದೆ ಎಂದು ಅಳೆದು ಹೇಳಬಹುದು.

ಈ ಕೆಲಸಕ್ಕೆ ಕೊಳ್ಳಲೇಬೇಕಾದ ಒಂದೇ ಉಪಕರಣವೆಂದರೆ ಕೈಯಿಂದ ಒತ್ತುವ ಪ್ರೆಶರ್ ಟೆಸ್ಟರ್. ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ತಣ್ಣನೆಯ ಎಂಜಿನ್ನಿನಲ್ಲಿ, ಮುಚ್ಚಳದ ಮೇಲಿನ ಸಂಖ್ಯೆಯವರೆಗೆ ಮಾತ್ರ ಗಾಳಿ ಒತ್ತಿ. ಆಮೇಲೆ ಕೈ ಕಟ್ಟಿ 15 ನಿಮಿಷ ಕೂರಿ. ಟೆಸ್ಟರಿನ ಗೇಜಿನ ಮುಳ್ಳು ಇಳಿದರೆ ಎಲ್ಲೋ ದಾರಿ ಇದೆ. ಕಂಪ್ರೆಸರ್ ಗಾಳಿಯನ್ನು ನೇರವಾಗಿ ಬಿಟ್ಟು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ, ರೇಡಿಯೇಟರಿನ ಮೇಲಿನ ತೊಟ್ಟಿ ಡೋಲಿನಂತೆ ಉಬ್ಬಿದ್ದನ್ನೂ ನೋಡಿದ್ದೇನೆ. ಟೆಸ್ಟರ್ ಇಲ್ಲದಿದ್ದರೆ ಚೆನ್ನಾಗಿ ದುಡಿಸಿ ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಮೊದಲ ಹತ್ತು ನಿಮಿಷ ಟಾರ್ಚ್ ಹಿಡಿದು ನೋಡಿ. ನೀರಿನ ಓಟ ನಿಂತು ಬ್ಲಾಕಿನ ಕಾವೆಲ್ಲ ನೀರಿಗೆ ಏರುವ ಹೊತ್ತು ಅದು, ಒತ್ತಡ ಆಗ ಹೆಚ್ಚಿರುತ್ತದೆ. ಫ್ಯಾನ್ ಕೂಡ ನಿಂತಿರುವುದರಿಂದ ಹನಿ ತನ್ನ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ.

ಎಲ್ಲಿ ನೋಡಬೇಕು? ಮೊದಲು ವಾಟರ್ ಪಂಪಿನ ಹೊಟ್ಟೆ. ಪಂಪಿನ ಸೀಲ್ ಮತ್ತು ಬೇರಿಂಗಿನ ನಡುವೆ, ಕೆಳಮುಖವಾಗಿ, ಪೆನ್ಸಿಲ್ ತೂರುವಷ್ಟೋ ಅದಕ್ಕಿಂತ ಚಿಕ್ಕದೋ ಒಂದು ತೂತು ಇರುತ್ತದೆ. ಕನ್ನಡಿ ಹಿಡಿಯದೆ ಕಾಣುವುದಿಲ್ಲ. ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಎಂದೇ ಮಾಡಿಟ್ಟ ತೂತು ಅದು. ಅಲ್ಲಿಂದ ಹನಿ ಬಂದರೆ ಪಂಪಿನ ಸೀಲ್ ಹೋಗಿದೆ, ಬೇರೆ ಅರ್ಥವಿಲ್ಲ. ಹೊಸ ಪಂಪು ಮೊದಲ ಕೆಲವು ಗಂಟೆ ಸ್ವಲ್ಪ ಒಸರಿ ನಿಂತರೆ ಅದು ಬೇರೆ ಮಾತು. ಒಬ್ಬರು ಆ ತೂತಿಗೆ ಎಂ-ಸೀಲ್ ಮೆತ್ತಿ ‘ಸರಿಹೋಯ್ತು’ ಎಂದಿದ್ದರು. ನೀರು ಬೇರಿಂಗಿನೊಳಗೆ ಹೋಯಿತು, ಶಾಫ್ಟ್ ಓಲಾಡತೊಡಗಿತು, ಕೊನೆಗೆ ಫ್ಯಾನ್ ರೆಕ್ಕೆ ರೇಡಿಯೇಟರನ್ನೇ ಕೊರೆದುಹಾಕಿತು. ಎಂಜಿನ್ ನಿಂತಿರುವಾಗ ಫ್ಯಾನಿನ ಎದುರುಬದುರು ರೆಕ್ಕೆಗಳನ್ನು ಹಿಡಿದು ಹಿಂದೆಮುಂದೆ ಅಲ್ಲಾಡಿಸಿ ನೋಡಿ. ಅಲುಗಾಟ ಕೈಗೆ ಸಿಕ್ಕರೆ ಹನಿ ಇನ್ನೂ ಶುರುವಾಗದಿದ್ದರೂ ಪಂಪಿನ ದಿನ ಮುಗಿದಿದೆ.

ಅದರ ಪಕ್ಕದಲ್ಲೇ, ಪಂಪಿಗೂ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆಯುವ ಕವಾಟ) ಹೌಸಿಂಗಿಗೂ ನಡುವೆ, ಹಲವು ಎಂಜಿನ್ನುಗಳಲ್ಲಿ ಎರಡಿಂಚಿನ ಒಂದು ಮೋಟು ಹೋಸ್ ಇರುತ್ತದೆ. ಬೈಪಾಸ್ ಹೋಸ್. ದೊಡ್ಡ ಎರಡು ಹೋಸ್ ಬದಲಿಸುವವರೂ ಇದನ್ನು ಬದಲಿಸಲು ಸೋಮಾರಿತನ ಮಾಡುತ್ತಾರೆ, ಏಕೆಂದರೆ ಕೈ ತೂರುವುದಿಲ್ಲ. ಬಿರುಕು ಬಿಡುವುದು ನಮಗೆ ಕಾಣದ ಹಿಂಬದಿಯಲ್ಲೇ. ಬೆರಳಿನಿಂದ ಸುತ್ತ ಸವರಿ ನೋಡಿ.

ಕ್ಲಿಪ್ಪುಗಳ ಚಾಳಿ ಇನ್ನೊಂದು ಬಗೆಯದು. ಬೆಳಗ್ಗೆ ಚಳಿಗೆ ಹನಿಯುತ್ತದೆ, ಬಿಸಿಯಾದ ಮೇಲೆ ಲೋಹವೂ ರಬ್ಬರೂ ಹಿಗ್ಗಿ ನಿಂತುಹೋಗುತ್ತದೆ. ಮಧ್ಯಾಹ್ನ ಹುಡುಕಿದರೆ ಏನೂ ಸಿಗದು. ಬಿಗಿದರೂ ನಿಲ್ಲದಿದ್ದರೆ ಹೋಸ್ ಕಳಚಿ ಅದರಡಿಯ ಕುತ್ತಿಗೆ ನೋಡಿ. ಅಲ್ಲಿ ತುಕ್ಕು ತಿಂದು ಗುಳಿ ಬಿದ್ದಿರುತ್ತದೆ. ಎಮರಿ ಕಾಗದದಿಂದ ಉಜ್ಜದೆ ಎಷ್ಟು ಬಿಗಿದರೂ ವ್ಯರ್ಥ.

ಬ್ಲಾಕಿನ ಪಕ್ಕದಲ್ಲಿ ಕಾಣುವ ದುಂಡನೆಯ ತಗಡಿನ ಬುಚ್ಚುಗಳು, ವೆಲ್ಶ್ ಪ್ಲಗ್‌ಗಳು, ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗಿನ ಬಣ್ಣ ಚೆನ್ನಾಗಿಯೇ ಇರುತ್ತದೆ, ನಡುವೆ ಸೂಜಿಮೊನೆಯಷ್ಟು ತೂತು. ಸ್ಟಾರ್ಟರ್ ಮೋಟರಿನ ಹಿಂದೆ, ಡೀಸೆಲ್ ಪಂಪಿನ ಹಿಂದೆ ಅಡಗಿರುವವನ್ನು ಮರೆಯಬೇಡಿ. ಒಂದು ಹೋಗಿದ್ದರೆ ಉಳಿದವೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಿಸಿ. ಕ್ಲಚ್ ಹೌಸಿಂಗಿನ ತಳದಲ್ಲಿ ಸ್ಪ್ಲಿಟ್ ಪಿನ್ ನೇತಾಡುವ ಚಿಕ್ಕ ತೂತಿನಿಂದ ಕೂಲಂಟ್ ಬಂದರೆ, ಮತ್ತು ಅದು ಹೊರಗಿನಿಂದ ಹರಿದು ಬಂದದ್ದಲ್ಲ ಎಂದು ಖಚಿತವಾದರೆ, ಬ್ಲಾಕಿನ ಬೆನ್ನಿನ ಪ್ಲಗ್ ಹೋಗಿದೆ ಎಂದು ಶಂಕಿಸಿ. ಅದನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಬೇಕು. ಅದಕ್ಕೇ ‘ಖಚಿತವಾದರೆ’ ಎಂದೆ.

ಉಳಿದವು ಕಣ್ಣಿಗೆ ಸುಲಭ: ರೇಡಿಯೇಟರಿನ ತೊಟ್ಟಿ ಮತ್ತು ಜಾಲರಿ ಸೇರುವ ಬೆಸುಗೆ, ಎರಡೂ ಡ್ರೈನ್ ನಲ್ಲಿಗಳು, ಟೆಂಪರೇಚರ್ ಗೇಜಿನ ಸೆನ್ಸರ್ ಕೂರುವ ಮರೆ (ಥ್ರೆಡ್), ಥರ್ಮೋಸ್ಟಾಟ್ ಹೌಸಿಂಗಿನ ಗ್ಯಾಸ್ಕೆಟ್.

ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳ ಬಗ್ಗೆ ಕೇಳುತ್ತೀರಿ. ಹೊಲದ ನಡುವೆ ಸಿಕ್ಕಿಕೊಂಡಾಗ ಮನೆ ಸೇರಲು ಒಂದು ಸಲಕ್ಕೆ ಸರಿ. ಪತ್ತೆ ಮುಗಿಯುವ ಮೊದಲು ಹಾಕಿದರೆ ತೂತು ಅರ್ಧ ಮುಚ್ಚಿಕೊಂಡು ಪರೀಕ್ಷೆಯೆಲ್ಲ ಸುಳ್ಳು ಹೇಳುತ್ತದೆ. ಅರ್ಧ ಕಟ್ಟಿಹೋದ ಹಳೆ ರೇಡಿಯೇಟರಿನ ಕೊಳವೆಗಳನ್ನೂ ಅದು ಪೂರ್ತಿ ಮುಚ್ಚುತ್ತದೆ.

ಒಳಗೆ ಹೋಗುತ್ತಿದ್ದರೆ

ಮುಳ್ಳು ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆಯಿಲ್ಲ. ಹಾಗಾದರೆ ನೀರು ಸಿಲಿಂಡರಿಗೆ ಹೋಗುತ್ತಿದೆ, ಇಲ್ಲವೇ ಆಯಿಲಿಗೆ. ಇಲ್ಲಿಂದ ಮುಂದೆ ಅವಸರ ಮಾಡಿದರೆ ಎಂಜಿನ್ನೇ ಹೋದೀತು.

ಸಿಲಿಂಡರಿನ ಲಕ್ಷಣ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಸಿಗುತ್ತದೆ. ಒಂದು ಸಿಲಿಂಡರ್ ಮುಗ್ಗರಿಸುತ್ತದೆ, ಬಿಳಿ ಹೊಗೆ ಬರುತ್ತದೆ, ಎಂಜಿನ್ ಬಿಸಿಯಾದರೂ ಹೊಗೆ ಹೋಗುವುದಿಲ್ಲ. ತಣ್ಣನೆಯ ಡೀಸೆಲ್ ಎಂಜಿನ್ ಹೇಗೂ ಬಿಳಿ ಹೊಗೆ ಬಿಡುತ್ತದೆ, ಆದರೆ ಅದು ಉರಿಯದ ಡೀಸೆಲ್, ಕಣ್ಣಿಗೆ ಚುಚ್ಚುತ್ತದೆ. ಕೂಲಂಟಿನ ಹೊಗೆ ಮೆತ್ತಗೆ, ಸಿಹಿ ವಾಸನೆಯದು. ಸ್ಟಾರ್ಟರ್ ಕೊಟ್ಟಾಗ ‘ಧಡ್’ ಎಂದು ಎಂಜಿನ್ ಅಲ್ಲೇ ನಿಂತುಬಿಟ್ಟರೆ ಎರಡನೇ ಸಲ ಒತ್ತಬೇಡಿ, ಎಳೆದು ಸ್ಟಾರ್ಟ್ ಮಾಡುವ ಮಾತಂತೂ ಬೇಡವೇ ಬೇಡ. ಪಿಸ್ಟನ್ ಮೇಲೆ ನೀರು ನಿಂತಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇಂಜೆಕ್ಟರುಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಯಾವ ತೂತಿನಿಂದ ನೀರು ಉಕ್ಕುತ್ತದೋ ಆ ಸಿಲಿಂಡರ್ ಸಿಕ್ಕಿತು.

ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನವಿದ್ದರೆ ಗುಳ್ಳೆ ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರಲಿ. ಫ್ಯಾನ್ ಬೆಲ್ಟ್ ಕಳಚಿ, ಸಾಧ್ಯವಾದರೆ ಥರ್ಮೋಸ್ಟಾಟ್ ತೆಗೆದು, ಬಾಯಿಮಟ್ಟ ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲು ಬರುವ ನಾಲ್ಕಾರು ಗುಳ್ಳೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ರೇಸ್ ಕೊಟ್ಟಾಗ ಬಿಡದೆ ಸರಮಾಲೆಯಾಗಿ ಬಂದರೆ ಅದು ಸಿಲಿಂಡರಿನ ಅನಿಲ. ಬೆಲ್ಟಿಲ್ಲದೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಬಣ್ಣ ಬದಲಾಗುವ ನೀಲಿ ದ್ರವದ ಪರೀಕ್ಷೆಯೂ ಇದೆ, ಅನಿಲ ಸೇರಿದರೆ ಹಳದಿಗೆ ತಿರುಗುತ್ತದೆ. ಡೀಸೆಲ್ ಎಂಜಿನ್ನಿನ ಐಡಲ್ ಓಟದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಇರುವುದರಿಂದ ಅದು ನೀಲಿಯಾಗೇ ಉಳಿದು ನಿಮ್ಮನ್ನು ಮೋಸಗೊಳಿಸಬಹುದು. ನನಗೆ ಗುಳ್ಳೆಯ ಮೇಲೆಯೇ ಹೆಚ್ಚು ನಂಬಿಕೆ. ಅಂದಹಾಗೆ, ಈ ಒಂದು ನಿಮಿಷದ ಪರೀಕ್ಷೆಯನ್ನು ನಾನು ಹೆಡ್ ಇಳಿಸಿದ ಮೇಲೆ ಕಲಿತೆ.

ಇನ್ನು ಆಯಿಲ್. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ಹಾಲಿನಂಥ ಲೋಳೆ ಇದ್ದರೆ ಗಾಬರಿ ಬೇಡ. ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಗಾಳಿಯ ತೇವವೇ ಹಾಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತಿದ್ದರೆ ಅದು ನೀರೇ ಆಗಬೇಕೆಂದೂ ಇಲ್ಲ. ಲಿಫ್ಟ್ ಪಂಪಿನ ಡಯಾಫ್ರಾಮ್ ಹರಿದರೆ ಡೀಸೆಲ್ ಕೂಡ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಬಿಸಿ ತಗಡಿನ ಮೇಲೆ ಒಂದು ತೊಟ್ಟು ಆಯಿಲ್ ಬಿಡಿ. ನೀರಿದ್ದರೆ ಚಟಪಟ ಸಿಡಿಯುತ್ತದೆ, ಡೀಸೆಲ್ ಇದ್ದರೆ ಸದ್ದಿಲ್ಲದೆ ಹೊಗೆಯಾಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ನನ್ನ ಗಾಡಿ ನನ್ನನ್ನು ಆಡಿಸಿದ್ದು ಇಲ್ಲೇ. ಆಯಿಲ್ ಹಾಲಾಗಿರಲಿಲ್ಲ, ಮಟ್ಟವೂ ಏರಿರಲಿಲ್ಲ. ದಿನವಿಡೀ ಉಳುವಾಗ ಆಯಿಲ್ 100 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಒಳಸೇರಿದ ನೀರು ಆವಿಯಾಗಿ ಬ್ರೀದರ್ ಪೈಪಿನಿಂದ ಹೋಗುತ್ತಿತ್ತು. ಆಯಿಲ್ ಬದಲಿಸುವಾಗಲೂ ಬಿಸಿಯಿದ್ದಾಗಲೇ ಬಸಿದಿದ್ದೆ. ಎಲ್ಲರೂ ಹಾಗೇ ಮಾಡುತ್ತೇವೆ. ನೀರು ಹುಡುಕುವಾಗ ಮಾತ್ರ ತದ್ವಿರುದ್ಧ ಮಾಡಬೇಕು. ಎರಡು ರಾತ್ರಿ ಗಾಡಿಯನ್ನು ಅಲುಗಿಸದೆ ನಿಲ್ಲಿಸಿದೆ, ಟೆಸ್ಟರ್ ಒತ್ತಡ ಹಾಕಿಯೇ ಇಟ್ಟಿದ್ದೆ. ಮೂರನೇ ಬೆಳಗ್ಗೆ ಅಡಿಗೆ ಮಲಗಿ, ಚೇಂಬರಿನ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ, ಮರೆಯ ಮೇಲೆಯೇ ಇರುವಂತೆ ಎಳೆಎಳೆಯಾಗಿ ಸಡಿಲಿಸಿದೆ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಬೋಲ್ಟಿನ ತಲೆಯ ಸುತ್ತ ಮೊದಲು ಕಾಣಿಸಿದ್ದು ಕಪ್ಪಲ್ಲ, ತಿಳಿ ಹಸಿರು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಜಾರು, ಆದರೆ ಎಣ್ಣೆಯ ಜಾರಲ್ಲ. ಕಾಲು ಲೋಟದಷ್ಟು ಹಾಗೇ ಇಳಿಯಿತು, ಆಮೇಲೆ ಒಮ್ಮೆಲೇ ಕರಿ ದಾರದಂತೆ ಆಯಿಲ್ ಬಂತು.

ಆಯಿಲಿಗೆ ನೀರು ಇಳಿಯುವ ದಾರಿ ಒಂದಲ್ಲ. ಟ್ಯಾಪೆಟ್ ಕವರಿನಡಿಯ ಹೆಡ್ ಪ್ಲಗ್, ಹೆಡ್ ಗ್ಯಾಸ್ಕೆಟ್, ಕೆಲವು ಎಂಜಿನ್ನುಗಳಲ್ಲಿ ಆಯಿಲ್ ಕೂಲರ್, ಇಂಜೆಕ್ಟರಿನ ತಾಮ್ರದ ಕವಚ (ಸ್ಲೀವ್), ವೆಟ್ ಲೈನರ್ (ಪಿಸ್ಟನ್ ಓಡುವ, ಹೊರಮೈಗೆ ನೇರವಾಗಿ ನೀರು ತಾಗುವ ಕೊಳವೆ) ಇದ್ದಲ್ಲಿ ಅದರ ಬುಡದ ರಬ್ಬರ್ ಬಳೆಗಳಾದ ಓ-ರಿಂಗ್‌ಗಳು. ಯಾವುದೆಂದು ತಿಳಿಯಲು ಚೇಂಬರ್ ಇಳಿಸಿ, ಮತ್ತೆ ಒತ್ತಡ ಹಾಕಿ, ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಮಲಗಬೇಕು. ಪುಶ್‌ರಾಡ್‌ಗಳ ಕಡೆಯಿಂದ, ಕ್ಯಾಮ್‌ಶಾಫ್ಟ್ ಬದಿಯಿಂದ ಇಳಿದರೆ ಮೂಲ ಮೇಲೆ, ಹೆಡ್ಡಿನಲ್ಲಿದೆ. ಲೈನರಿನ ಹೊರಮೈ ಹಿಡಿದು ಬುಡದಲ್ಲಿ ಹನಿ ಕಟ್ಟಿದರೆ ಓ-ರಿಂಗ್. ಲೈನರಿನ ಒಳಗೋಡೆಯ ಮೇಲೆ ಇಳಿದರೆ ಲೈನರೇ ತೂತಾಗಿದೆ, ಅಥವಾ ಪಿಸ್ಟನ್ ಮೇಲಿನ ನೀರು ರಿಂಗುಗಳನ್ನು ದಾಟಿ ಬರುತ್ತಿದೆ.

ನಾನು ಮಲಗಿದ ಮೊದಲ ಅರ್ಧ ಗಂಟೆ ಬರೀ ಆಯಿಲ್ ಹನಿಗಳು. ಅವನ್ನೆಲ್ಲ ಒರೆಸಿ ಮತ್ತೆ ಕಾದೆ. ನಲವತ್ತನೇ ನಿಮಿಷದ ಹೊತ್ತಿಗೆ ನಡುವಿನ ಲೈನರಿನ ಹೊರ ಅಂಚಿನಲ್ಲಿ ಟಾರ್ಚಿನ ಬೆಳಕು ಒಂದೆಡೆ ಬೇರೆ ಥರ ಹೊಳೆಯಿತು. ಅಲ್ಲಿ ಸಾಸಿವೆಯಷ್ಟಿದ್ದದ್ದು ಉಬ್ಬಿ, ಅಲುಗಿ, ನನ್ನ ಹಣೆಯ ಮೇಲೇ ಬಿತ್ತು. ಅದೇ ಹಸಿರು.

ಲೈನರ್ ಹೊರತೆಗೆದಾಗ ಓ-ರಿಂಗ್‌ಗಳು ಒಂದು ಬದಿ ಚಪ್ಪಟೆಯಾಗಿ, ಪ್ಲಾಸ್ಟಿಕ್ಕಿನಂತೆ ಮುರಿದವು. ಅದಕ್ಕಿಂತ ಭಯ ಹುಟ್ಟಿಸಿದ್ದು ಲೈನರಿನ ಹೊರಮೈ. ಪಿಸ್ಟನ್ ಒತ್ತುವ ಬದಿಯಲ್ಲಿ, ಮೇಲಿಂದ ಕೆಳಕ್ಕೆ, ಸೂಜಿಯಿಂದ ಕುಟುಕಿದಂತೆ ಗುಳಿಗಳ ಸಾಲು. ಪ್ರತಿ ಸ್ಫೋಟಕ್ಕೂ ಲೈನರ್ ಕಂಪಿಸುತ್ತದೆ, ಅದರ ಮೈಗಂಟಿದ ನೀರಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಒಡೆಯುತ್ತದೆ, ಒಡೆದಾಗಲೆಲ್ಲ ಒಂದು ಕಣ ಲೋಹ ಹೋಗುತ್ತದೆ. ಡೀಸೆಲ್ ಎಂಜಿನ್ನಿಗೆಂದು ಮಾಡಿದ ಕೂಲಂಟಿನಲ್ಲಿ ಇದನ್ನು ತಡೆಯುವ ರಾಸಾಯನಿಕ ಇರುತ್ತದೆ, ಬರೀ ನೀರಿನಲ್ಲಿ ಇರುವುದಿಲ್ಲ. ನನಗಿಂತ ಮುಂಚೆ ಆ ಗಾಡಿ ವರ್ಷಗಟ್ಟಲೆ ಬರೀ ನೀರಿನಲ್ಲಿ ಓಡಿತ್ತು. ಓ-ರಿಂಗ್ ಮಾತ್ರ ಹಾಕಿ ಮುಚ್ಚುವ ಆಸೆಯಿತ್ತು, ಗುಳಿಗಳನ್ನು ನೋಡಿದ ಮೇಲೆ ಮೂರೂ ಲೈನರ್ ಬದಲಿಸಿದೆ. ಗ್ಲೈಕಾಲ್ ಸೇರಿದ ಆಯಿಲ್ ಬೇರಿಂಗ್ ತಿನ್ನುವುದರಿಂದ ಒಂದು ಬಿಗ್ ಎಂಡ್ ಕ್ಯಾಪನ್ನೂ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್ ಹಿಡಿದಿಡುವ ಭಾಗ) ಬಿಚ್ಚಿ ನೋಡಿದೆ. ಬೂದು ಬಣ್ಣ ಒಂದೇ ಸಮನಾಗಿತ್ತು, ಬದುಕಿಕೊಂಡೆ.

ಜೋಡಿಸುವಾಗ ಎರಡೇ ಮಾತು. ಲೈನರಿನ ತಲೆ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಎದ್ದಿರಬೇಕೆಂದು ನಿಮ್ಮ ಎಂಜಿನ್ನಿನ ಮ್ಯಾನುಯಲ್ ಹೇಳುತ್ತದೆ. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ ಅದು. ನೇರಪಟ್ಟಿ, ಫೀಲರ್ ಗೇಜ್ ಇಟ್ಟು ಅಳೆಯದೆ ಹೆಡ್ ಕೂರಿಸಿದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲುವುದಿಲ್ಲ. ಎರಡನೆಯದು, ಹೆಡ್ ಬಿಗಿದ ಮೇಲೆ, ಚೇಂಬರ್ ಹಾಕುವ ಮೊದಲು, ನೀರು ತುಂಬಿಸಿ ಒತ್ತಡ ಹಾಕಿ ಒಂದು ರಾತ್ರಿ ಬಿಡಿ.

ನಾನು ಸಂಜೆ ಮುಳ್ಳು 7 ಪಿಎಸ್ಐ ತೋರುವವರೆಗೆ ಒತ್ತಿ, ಅಡಿಗೆ ಹಳೆ ಪತ್ರಿಕೆ ಹಾಸಿ ಹೋದೆ. ಬೆಳಗ್ಗೆ ಮುಳ್ಳು 6ಕ್ಕಿಂತ ಸ್ವಲ್ಪ ಮೇಲಿತ್ತು. ಎದೆ ಧಸಕ್ಕೆಂದಿತು. ಪತ್ರಿಕೆಯ ಮೇಲೆ ಆಯಿಲ್ ಕಲೆ ಬಿಟ್ಟರೆ ಬೇರೇನಿಲ್ಲ, ಲೈನರ್ ಬುಡಗಳೂ ಒಣಗಿದ್ದವು. ಬಿಸಿಲೇರುತ್ತಿದ್ದಂತೆ ಮುಳ್ಳು ತಾನಾಗಿ 7ರ ಕಡೆಗೆ ಮೇಲೇರಿತು. ರಾತ್ರಿಯ ತಂಪಿಗೆ ಒಳಗಿನ ಗಾಳಿ ಕುಗ್ಗಿತ್ತು, ಅಷ್ಟೆ. ಚೇಂಬರ್ ಹಾಕಿದೆ.